ಲೀಗ್ ಬಂತು, ನಮ್ಮ ತಂಡ ಎಲ್ಲಿ?

ನಮ್ಮ ಸೇಡಂನಲ್ಲಿ ಹಾಕಿ ಸ್ಟಿಕ್ ಹಿಡಿದು ರಸ್ತೆಯಲ್ಲಿ ಹೊರಟರೆ ಜನ ತಿರುಗಿ ನೋಡುತ್ತಾರೆ. ಇಲ್ಲಿ ಎಲ್ಲರಿಗೂ ಗೊತ್ತಿರುವುದು ತೊಗರಿ, ಸಿಮೆಂಟ್ ಮತ್ತು ಕ್ರಿಕೆಟ್. ಹೈಸ್ಕೂಲಿನಲ್ಲಿ ನನ್ನ ಜೊತೆ ಓದಿದ ಗೆಳೆಯನೊಬ್ಬ ಮಾತ್ರ ಮುರುಮ್ ಮೈದಾನದಲ್ಲೇ ಹಾಕಿ ಆಡಿ ವಿಭಾಗ ಮಟ್ಟದವರೆಗೆ ಹೋಗಿದ್ದ. ಈಗ ಗುತ್ತಿಗೆ ಕೆಲಸಕ್ಕೆ ಹೋಗುತ್ತಾನೆ. 2025ರ ಫೆಬ್ರುವರಿ 1ರ ರಾತ್ರಿ ನಾವಿಬ್ಬರೂ ಅವನ ಮೊಬೈಲ್‌ನಲ್ಲಿ ಹಾಕಿ ಇಂಡಿಯಾ ಲೀಗ್ ಫೈನಲ್ ನೋಡಿದೆವು. ಜುಗರಾಜ್ ಸಿಂಗ್ ಹ್ಯಾಟ್ರಿಕ್ ಬಾರಿಸಿದರು, ಬೆಂಗಾಲ್ ಟೈಗರ್ಸ್ ತಂಡ ಹೈದರಾಬಾದ್ ತೂಫಾನ್ಸ್ ತಂಡವನ್ನು 4–3ರಿಂದ ಸೋಲಿಸಿತು. ಪಂದ್ಯ ಮುಗಿದ ಮೇಲೆ ಗೆಳೆಯ ಕೇಳಿದ: ‘ಇದರಾಗ ನಮ್ಮ ಕರ್ನಾಟಕದ ಟೀಮ್ ಯಾವ್ದೋ?’

ನನ್ನ ಬಳಿ ಉತ್ತರವಿರಲಿಲ್ಲ. ಏಕೆಂದರೆ ಎಂಟು ಪುರುಷರ ತಂಡಗಳಲ್ಲಿ ಕರ್ನಾಟಕದ್ದು ಒಂದೂ ಇರಲಿಲ್ಲ. ನೆರೆಯ ಹೈದರಾಬಾದಿಗೆ ತಂಡವಿತ್ತು, ತಮಿಳುನಾಡಿಗೂ ಇತ್ತು. ಅದೇ ಸೀಸನ್‌ನಲ್ಲಿ ಮೊದಲ ಬಾರಿಗೆ ನಡೆದ ಮಹಿಳಾ ಲೀಗ್‌ನ ನಾಲ್ಕು ತಂಡಗಳಲ್ಲೂ ನಮ್ಮ ಹೆಸರಿರಲಿಲ್ಲ.

ಇದನ್ನು ಬರೀ ಅಭಿಮಾನದ ಪ್ರಶ್ನೆ ಎಂದುಕೊಳ್ಳಬೇಡಿ, ಇದು ಉದ್ಯೋಗದ ಪ್ರಶ್ನೆಯೂ ಹೌದು. ಆ ಸೀಸನ್‌ನಲ್ಲಿ ಪ್ರತಿ ಪುರುಷರ ತಂಡದಲ್ಲಿ 24 ಆಟಗಾರರು, ಅವರಲ್ಲಿ 16 ಮಂದಿ ಭಾರತೀಯರು, ಅದರಲ್ಲೂ ಕನಿಷ್ಠ ನಾಲ್ವರು ಜೂನಿಯರ್‌ಗಳು. ಅಂದರೆ ಎಂಟು ತಂಡಗಳಿಂದ 128 ಭಾರತೀಯರಿಗೆ ಐದು ವಾರಗಳ ಕೆಲಸ. ತಂಡವೊಂದು ಹರಾಜಿನಲ್ಲಿ ಖರ್ಚು ಮಾಡಬಹುದಾಗಿದ್ದ ಮಿತಿ 4 ಕೋಟಿ ರೂಪಾಯಿ. ಅದರಲ್ಲಿ ಹರ್ಮನ್‌ಪ್ರೀತ್ ಸಿಂಗ್ ಒಬ್ಬರಿಗೇ ಸೂರ್ಮಾ ತಂಡ ಕೊಟ್ಟಿದ್ದು 78 ಲಕ್ಷ, ಹೆಚ್ಚು ಕಡಿಮೆ ಐದನೇ ಒಂದು ಪಾಲು. ಇನ್ನೊಂದು ತುದಿಯಲ್ಲಿ ಕನಿಷ್ಠ ಮೂಲಬೆಲೆ 2 ಲಕ್ಷ ಇತ್ತು. ನಮ್ಮ ಕ್ಯಾಂಪಸ್ ಪ್ಲೇಸ್‌ಮೆಂಟ್ ಸುದ್ದಿಯಲ್ಲೂ ಹೀಗೇ ಅಲ್ಲವೇ? ದೊಡ್ಡ ಪ್ಯಾಕೇಜ್ ಬ್ಯಾನರಿನ ಮೇಲಿರುತ್ತದೆ, ಕೆಳಗಿನವರ ಲೆಕ್ಕ ಯಾರೂ ಕೇಳುವುದಿಲ್ಲ.

ಕರ್ನಾಟಕದಲ್ಲಿ ಪ್ರತಿಭೆ ಇಲ್ಲವೆನ್ನಲು ಸಾಧ್ಯವಿಲ್ಲ. ಕೊಡಗಿನ ಕೊಡವ ಕುಟುಂಬಗಳ ಹಾಕಿ ಉತ್ಸವ 1997ರಿಂದ ನಡೆಯುತ್ತಿದೆ. 2024ರಲ್ಲಿ ನಾಪೋಕ್ಲುವಿನಲ್ಲಿ ಅದಕ್ಕೆ 360 ತಂಡಗಳು ಬಂದಿದ್ದವು. ಎಂ.ಪಿ. ಗಣೇಶ್ ಅವರಿಂದ ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್, ಎಸ್.ವಿ. ಸುನಿಲ್ ತನಕ ದೇಶಕ್ಕೆ ಆಡಿದವರ ಪಟ್ಟಿ ಉದ್ದವಿದೆ. ತಂಡಗಳೂ ಇದ್ದವು. 2005ರಿಂದ 2008ರವರೆಗೆ ನಡೆದ ಪ್ರೀಮಿಯರ್ ಹಾಕಿ ಲೀಗ್‌ನಲ್ಲಿ ಬೆಂಗಳೂರಿಗೆ ತಂಡವಿತ್ತು. 2012ರ ವರ್ಲ್ಡ್ ಸೀರೀಸ್ ಹಾಕಿಯಲ್ಲಿ ಹಾಲಪ್ಪ ನಾಯಕತ್ವದ ಕರ್ನಾಟಕ ಲಯನ್ಸ್ ಇತ್ತು. ಆ ಲೀಗ್‌ಗೆ ಹಾಕಿ ಇಂಡಿಯಾದ ಮಾನ್ಯತೆ ಇರಲಿಲ್ಲ, ಒಂದೇ ಸೀಸನ್‌ಗೆ ನಿಂತುಹೋಯಿತು. 2013ರಲ್ಲಿ ಶುರುವಾದ ಹಾಕಿ ಇಂಡಿಯಾ ಲೀಗ್ ಕೂಡ 2017ರ ನಂತರ ಮಾಯವಾಗಿ, ಮರಳಿದ್ದು 2024ರ ಡಿಸೆಂಬರ್ 28ರಂದು.

ಇಪ್ಪತ್ತರ ಆಟಗಾರನಿಗೆ ಈ ಏಳು ವರ್ಷ ಎಂದರೆ ಏನು? ಅವನ ಆಟದ ಅರ್ಧ ಆಯುಷ್ಯ. ಯುವಕರು ಕ್ರೀಡೆಯನ್ನು ವೃತ್ತಿಯಾಗಿ ಆರಿಸಿಕೊಳ್ಳುತ್ತಿಲ್ಲ ಎಂದು ದೂರುವವರು ಈ ಲೆಕ್ಕವನ್ನೂ ನೋಡಬೇಕು.

ಹೊರದೇಶದಲ್ಲೂ ಲೀಗ್‌ಗಳು ನಿಂತಿವೆ. ಹಿಮದ ಮೇಲೆ ಆಡುವ ಐಸ್ ಹಾಕಿಯ ಅತಿ ದೊಡ್ಡ ಲೀಗ್ ಉತ್ತರ ಅಮೆರಿಕದ ಎನ್‌ಎಚ್‌ಎಲ್. ಅದರ 2004–05ರ ಇಡೀ ಸೀಸನ್ ರದ್ದಾಯಿತು. ಒಂದು ತಂಡ ವೇತನಕ್ಕೆ ಇಷ್ಟೇ ಖರ್ಚು ಮಾಡಬೇಕು ಎಂಬ ಮಿತಿ ಬೇಕೆಂದು ಮಾಲೀಕರು, ಬೇಡವೆಂದು ಆಟಗಾರರ ಸಂಘ. ಮಾತುಕತೆ ಮುರಿದುಬಿದ್ದು ಒಂದೂ ಪಂದ್ಯ ನಡೆಯಲಿಲ್ಲ, ನೂರಾರು ಆಟಗಾರರು ಯುರೋಪಿನ ಲೀಗ್‌ಗಳಿಗೆ ಹೋದರು. ಕೊನೆಗೆ ಆಟಗಾರರು ವೇತನದಲ್ಲಿ ಶೇ 24ರಷ್ಟು ಕಡಿತಕ್ಕೆ ಒಪ್ಪಿದರು, ಬದಲಿಗೆ ಲೀಗಿನ ಆದಾಯದಲ್ಲಿ ಪಾಲು ಲಿಖಿತವಾಗಿ ನಿಗದಿಯಾಯಿತು. ಮುಂದಿನ ವರ್ಷವೇ ಲೀಗ್ ಮರಳಿತು.

ಅಲ್ಲಿನ ಆಟಗಾರರು ಸೋತರು ಎನ್ನಬಹುದು. ಆದರೆ ಅವರಿಗೆ ಕೂತು ಮಾತಾಡಲು ಒಂದು ಮೇಜಿತ್ತು, ಸಂಘವಿತ್ತು, ಯಾಕೆ ನಿಂತಿತು, ಯಾವಾಗ ಶುರು ಎಂದು ಕೇಳುವ ಹಕ್ಕಿತ್ತು. ನಮ್ಮಲ್ಲಿ ಲೀಗ್ ನಿಂತಾಗ ಆಟಗಾರರು ಕಾಯುವುದೊಂದೇ ದಾರಿಯಾಗಿತ್ತು. ಗುತ್ತಿಗೆ ಕೆಲಸ ಮಾಡುವ ನನ್ನ ಗೆಳೆಯನಿಗೆ ಇದನ್ನು ವಿವರಿಸಿ ಹೇಳಬೇಕಾಗಲಿಲ್ಲ.

ಮರಳಿ ಬಂದ ಲೀಗ್ ಕೂಡ ಇನ್ನೂ ಗಟ್ಟಿಯಾಗಿಲ್ಲ. ಒಂದು ಸೀಸನ್ ಆಡಿದ ಯುಪಿ ರುದ್ರಾಸ್ ಆರ್ಥಿಕ ಕಾರಣ ಹೇಳಿ ಹಿಂದೆ ಸರಿಯಿತು. ಹಾಗಾದರೆ ಕರ್ನಾಟಕದ ತಂಡ ಬೇಕೆಂದು ಕೇಳುವುದು ತಪ್ಪೇ? ನನ್ನ ಪ್ರಕಾರ ತಪ್ಪಲ್ಲ, ಆದರೆ ತಂಡಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆ. ಒಡಿಶಾವನ್ನು ನೋಡಿ. ಅಲ್ಲಿನ ಸರ್ಕಾರ 2018ರಿಂದ ರಾಷ್ಟ್ರೀಯ ತಂಡಗಳ ಪ್ರಾಯೋಜಕ. ರೂರ್ಕೆಲಾ ನಮ್ಮ ಶಹಾಬಾದ್, ವಾಡಿಗಳ ಹಾಗೆ ಕಾರ್ಖಾನೆಯನ್ನೇ ನಂಬಿ ಬೆಳೆದ ಊರು. ಅಲ್ಲಿ 2023ರ ವಿಶ್ವಕಪ್‌ಗೆ ಕಟ್ಟಿದ ಬಿರ್ಸಾ ಮುಂಡಾ ಕ್ರೀಡಾಂಗಣದಲ್ಲೇ ನಾವು ನೋಡಿದ ಫೈನಲ್ ನಡೆದದ್ದು. ಮೊದಲು ಮೈದಾನ ಬಂತು, ಆಮೇಲೆ ಲೀಗ್.

ನಮ್ಮ ಭಾಗದಲ್ಲಿ ದೊಡ್ಡ ದೊಡ್ಡ ಸಿಮೆಂಟ್ ಕಾರ್ಖಾನೆಗಳಿವೆ, ಸಾಮಾಜಿಕ ಹೊಣೆಗಾರಿಕೆ ನಿಧಿ ಕಾನೂನಿನಲ್ಲೇ ಇದೆ, ಕಲ್ಯಾಣ ಕರ್ನಾಟಕದ ಅಭಿವೃದ್ಧಿ ಮಂಡಳಿಯೂ ಇದೆ. ಸೇಡಂ, ಚಿತ್ತಾಪುರ, ಚಿಂಚೋಳಿಗಳ ನಡುವೆ ಒಂದು ಕೃತಕ ಹುಲ್ಲಿನ ಹಾಕಿ ಮೈದಾನ, ಒಬ್ಬ ಖಾಯಂ ತರಬೇತುದಾರ. ಇಷ್ಟನ್ನು ಕೇಳುವುದು ದುರಾಸೆಯಲ್ಲ. ಹಾಗೆಯೇ ಲೀಗ್ ಆಡುವ ಹುಡುಗರ ಒಪ್ಪಂದದಲ್ಲಿ, ಸೀಸನ್ ನಿಂತರೆ ಮುಂದೇನು ಎಂಬ ಒಂದು ಸಾಲಿರಬೇಕು. ಕೆಲಸ ಹುಡುಕುವ ನಾವೆಲ್ಲರೂ ನಮ್ಮ ಆಫರ್ ಲೆಟರ್‌ನಲ್ಲಿ ಮೊದಲು ಹುಡುಕಬೇಕಾದದ್ದೂ ಅದೇ ಸಾಲನ್ನು.

ಗೆಳೆಯ ಈಗಲೂ ರವಿವಾರ ಸಂಜೆ ನಾಲ್ಕೈದು ಹುಡುಗರಿಗೆ ಡ್ರಿಬಲ್ ಹೇಳಿಕೊಡುತ್ತಾನೆ. ಅದೇ ಮುರುಮ್ ಮೈದಾನದಲ್ಲಿ. ಅವರಲ್ಲೊಬ್ಬ ಹತ್ತು ವರ್ಷದ ನಂತರ ಹರಾಜಿನ ಪಟ್ಟಿಯಲ್ಲಿದ್ದರೆ, ಆಗಲೂ ‘ನಮ್ಮ ಟೀಮ್ ಯಾವ್ದೋ’ ಎಂದು ಕೇಳುವ ಹಾಗಾಗಬಾರದು.