ಯಂತ್ರಕ್ಕೆ ರಸೀದಿ ಇದೆ, ನಮಗೆ ಚೀಟಿ ಇಲ್ಲ



ಠಾಣೆಯಿಂದ ಕಲ್ಯಾಣದವರೆಗಿನ ಕೆಲವು ಹೋಟೆಲುಗಳಲ್ಲಿ ಗಿರಾಕಿಯು ಮೇಜಿನ ಮೇಲಿನ ಕ್ಯೂಆರ್ ಕೋಡಿಗೆ ಮೊಬೈಲು ಹಿಡಿದು ದೋಸೆಗೆ ಹೇಳುತ್ತಾನೆ. ಆರ್ಡರು ನೆಟ್ಟಗೆ ಅಡಿಗೆಮನೆಗೆ ಹೋಗುತ್ತದೆ. ಅತ್ತ ಐರೋಲಿ, ಮಹಾಪೆಯ ಕಚೇರಿಗಳಲ್ಲಿ ದುಡಿಯುವ ನಮ್ಮ ಮಕ್ಕಳಿಗೂ ಕೃತಕ ಬುದ್ಧಿಮತ್ತೆಯ ಭಯ ಹಿಡಿದಿದೆ.

ಯಂತ್ರವೇ ನಮ್ಮ ವೈರಿಯೆ? ಅಲ್ಲ. ಗ್ರೈಂಡರು ಬಂದು ರುಬ್ಬುವ ಕಲ್ಲು ಹೋದುದಕ್ಕೆ ಅತ್ತವರಾರೂ ಇಲ್ಲ. ಎಷ್ಟೋ ಹುಡುಗರ ರಟ್ಟೆ ಉಳಿಯಿತು. ಪ್ರಶ್ನೆ ಬೇರೆ. ಯಂತ್ರದಿಂದ ಉಳಿದ ಹಣ ಯಾರಿಗೆ? ಹೊರಬಿದ್ದವನ ಗತಿಯೇನು? ಹೊಸ ಯಂತ್ರ ತರುವಾಗ ಇದ್ದವರನ್ನು ತೆಗೆಯಕೂಡದು, ಲಾಭದಲ್ಲಿ ಕಾರ್ಮಿಕನಿಗೂ ಪಾಲಿರಬೇಕು ಎಂದು 1957ರಲ್ಲೇ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಒಪ್ಪಿತ್ತು.

ಗಿರಣಿಯ ಬಂಧುಗಳ ಕಥೆಯನ್ನು ನೆನೆಯಿರಿ. 1982ರ ಜನವರಿ 18ರಂದು ಮುಷ್ಕರ ಹೂಡಿದರು. ಮುಂದೆ ಮುಂಬಯಿಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಬಟ್ಟೆಯ ನೇಯ್ಗೆ ಮಾತ್ರ ಭಿವಂಡಿಯ ಪವರ್‌ಲೂಮುಗಳಲ್ಲಿ ನಡೆದೇ ಇತ್ತು. ಆದರೂ ಗಿರಣಿಯವನ ಕೈಯಲ್ಲಿ ಟಿಕೆಟ್ ನಂಬರಿತ್ತು, ಪ್ರಾವಿಡೆಂಟ್ ಫಂಡಿನ ಕಾಗದವಿತ್ತು. 1982ರ ಜನವರಿ 1ರಂದು ಇಲ್ಲವೆ ಅನಂತರ ಕೆಲಸದಲ್ಲಿದ್ದವರು ಅವನ್ನೇ ತೋರಿಸಿ ಮ್ಹಾಡಾ ಮನೆಗೆ ಅರ್ಜಿ ಹಾಕಿದರು. ಎಲ್ಲರಿಗೂ ಮನೆ ಸಿಕ್ಕಲಿಲ್ಲ. ಕೇಳುವ ಹಕ್ಕಾದರೂ ಸಿಕ್ಕಿತು.

ಹೋಟೆಲಿನವನ ಬಳಿ ಏನಿದೆ? ಇಪ್ಪತ್ತು ವರ್ಷ ದುಡಿದರೂ ‘ಇವನು ಇಲ್ಲಿದ್ದ’ ಎನ್ನುವ ಚೀಟಿ ಅನೇಕರಲ್ಲಿಲ್ಲ. ಧನಿಗಳು ತಂದ ಯಂತ್ರಕ್ಕೆ ರಸೀದಿಯೂ ಇದೆ, ಗ್ಯಾರಂಟಿಯೂ ಇದೆ!

2025ರ ನವೆಂಬರ್ 21ರಿಂದ ಜಾರಿಯಾದ ಕಾರ್ಮಿಕ ಸಂಹಿತೆಗಳಲ್ಲಿ ನಮಗೆ ಪ್ರತಿಕೂಲವಾದುವು ಬಹಳ ಇವೆ. ಆದರೆ ಇಷ್ಟು ಉಳಿದಿದೆ: ಜನರನ್ನು ತೆಗೆಯಬೇಕಾಗಿ ಬರುವಂಥ ಯಂತ್ರ ಸುಧಾರಣೆಗೆ 21 ದಿನ ಮೊದಲೇ ನೋಟೀಸು ಕೊಡಬೇಕು. ವರ್ಷ ತುಂಬಿದವನನ್ನು ತೆಗೆದರೆ ಪ್ರತಿ ಪೂರ್ಣ ವರ್ಷಕ್ಕೆ 15 ದಿನದ ಸಂಬಳ ಪರಿಹಾರ. ಅದಲ್ಲದೆ, ಅವನು ಬೇರೆ ಕೆಲಸ ಕಲಿಯಲೆಂದು ಇನ್ನೂ 15 ದಿನದ ಸಂಬಳವನ್ನು ಮಾಲೀಕನು ನಿಧಿಗೆ ಕಟ್ಟಬೇಕು. ಹತ್ತು ಮಂದಿ ಇರುವಲ್ಲಿ ನೇಮಕಪತ್ರ ಕಡ್ಡಾಯ.

ಎಷ್ಟು ವರ್ಷ ದುಡಿದೆ ಎಂಬುದಕ್ಕೆ ಸಾಕ್ಷಿಯೇ ಇಲ್ಲದವನಿಗೆ ಇವುಗಳಲ್ಲಿ ಯಾವುದು ಸಿಕ್ಕೀತು?

ಆದುದರಿಂದ ಯಂತ್ರ ಬರುವ ಮೊದಲೇ ನೇಮಕಪತ್ರ ಕೇಳಿರಿ. ಒಬ್ಬನೇ ಕೇಳಿದರೆ ಊರಿನ ದಾರಿ ತೋರಿಸಿಯಾರು. ಅಡಿಗೆಯವರು, ಸಪ್ಲಾಯರುಗಳು, ಕ್ಲೀನರುಗಳು ಕೂಡಿಯೇ ಕೇಳಿರಿ. ಅಲ್ಲಿಯವರೆಗೆ ಸಂಬಳವನ್ನು ಬ್ಯಾಂಕಿಗೆ ಹಾಕಿಸಿಕೊಳ್ಳಿರಿ. ಪಾಸ್‌ಬುಕ್ಕಿನ ಒಂದೊಂದು ಸಾಲೂ ನಿಮ್ಮ ದುಡಿಮೆಗೆ ಸಾಕ್ಷಿ.