ಸೊನ್ನೆ ಕಂತಿನ ವಿಮೆ

ಅಮೆರಿಕದಲ್ಲಿ ಅರವತ್ತೈದನ್ನು ಸಮೀಪಿಸಿದವರ ಮನೆಬಾಗಿಲಿಗೆ ವಿಮಾ ಕಂಪನಿಗಳ ಬಣ್ಣಬಣ್ಣದ ಪತ್ರಗಳು ರಾಶಿರಾಶಿಯಾಗಿ ಬಂದು ಬೀಳುತ್ತವೆ. ತಿಂಗಳ ಕಂತು ಸೊನ್ನೆ, ಹಲ್ಲು ಕಣ್ಣು ಕಿವಿಗಳ ಆರೈಕೆಯೂ ಸೇರಿದೆ ಎಂಬುದು ಅವುಗಳ ಸಾಮಾನ್ಯ ಒಕ್ಕಣೆ. 1965ರಲ್ಲಿ ಆ ದೇಶ ತನ್ನ ವಲಸೆ ಕಾನೂನನ್ನು ಸಡಿಲಿಸಿದ ಮೇಲೆ ಅಲ್ಲಿಗೆ ಹೋಗಿ ನೆಲೆಸಿದ ಕನ್ನಡನಾಡಿನ ವೈದ್ಯರೂ ಇಂಜಿನಿಯರುಗಳೂ ಅನೇಕರು ಈಗ ಆ ವಯಸ್ಸನ್ನು ದಾಟಿದ್ದಾರೆ. ಆದ ಕಾರಣ ಈ ಪತ್ರಗಳ ಮಾತು ಬೆಂಗಳೂರು ಮೈಸೂರುಗಳ ಮನೆಗಳಿಗೂ ತೀರ ಹೊರಗಿನದಲ್ಲ.

ಮೆಡಿಕೇರ್ ಎಂಬ ವೃದ್ಧರ ಸರ್ಕಾರಿ ವಿಮೆಗೆ ಅಧ್ಯಕ್ಷ ಲಿಂಡನ್ ಜಾನ್ಸನ್ನರ ಅಂಕಿತ ಬಿದ್ದದ್ದೂ ಅದೇ 1965ರಲ್ಲಿ. ಆಸ್ಪತ್ರೆಯ ವೆಚ್ಚಕ್ಕೆ 'ಎ' ಭಾಗ, ವೈದ್ಯರ ವೆಚ್ಚಕ್ಕೆ 'ಬಿ' ಭಾಗ. ಆದರೆ ವೈದ್ಯರ ಬಿಲ್ಲಿನಲ್ಲಿ ಸಾಮಾನ್ಯವಾಗಿ ನೂರಕ್ಕೆ ಇಪ್ಪತ್ತು ರೋಗಿಯ ಪಾಲಿಗೇ ಉಳಿಯುತ್ತದೆ; ಅದಕ್ಕೆ ವರ್ಷಕ್ಕೆ ಇಷ್ಟೇ ಎಂಬ ಮಿತಿಯೂ ಇಲ್ಲ. ಈ ಕೊರತೆಯನ್ನು ತುಂಬಲು ಎರಡು ದಾರಿಗಳುಂಟು. ಬೇರೆ ಕಂತು ತೆತ್ತು ಮೆಡಿಗ್ಯಾಪ್ ಎಂಬ ಪೂರಕ ವಿಮೆ ಕೊಂಡರೆ ಮೆಡಿಕೇರನ್ನು ಒಪ್ಪುವ ಯಾವ ವೈದ್ಯರಲ್ಲಿಗಾದರೂ ಹೋಗಬಹುದು. ಇನ್ನೊಂದು, ಖಾಸಗಿ ಕಂಪನಿಯೇ ಎಲ್ಲವನ್ನೂ ವಹಿಸಿಕೊಳ್ಳುವ ಮೆಡಿಕೇರ್ ಅಡ್ವಾಂಟೇಜ್. ಸೊನ್ನೆಯ ಪತ್ರಗಳು ಈ ಎರಡನೆಯದರವು.

ಸೊನ್ನೆ ಎಂಬುದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. 'ಬಿ' ಭಾಗದ ಕಂತನ್ನು ಸರ್ಕಾರಕ್ಕೆ ಕಟ್ಟುತ್ತಲೇ ಇರಬೇಕು. 2025ರಲ್ಲಿ ಅದು ಸಾಮಾನ್ಯವಾಗಿ ತಿಂಗಳಿಗೆ 185 ಡಾಲರುಗಳಿತ್ತು. ಬಹುಪಾಲು ಕಂಪನಿಯ ಪಟ್ಟಿಯಲ್ಲಿರುವ ವೈದ್ಯರನ್ನೇ ಕಾಣಬೇಕು, ದೊಡ್ಡ ಚಿಕಿತ್ಸೆಗೆ ಮುಂಚಿತವಾಗಿ ಅನುಮತಿ ಪಡೆಯಬೇಕು. ವರ್ಷದ ವೆಚ್ಚಕ್ಕೊಂದು ಮಿತಿ ಇರುವುದು ಮಾತ್ರ ದೊಡ್ಡ ಗುಣವೇ. ಕೈ ಬಿಗಿ ಇರುವವರಿಗೆ ಅದು ಆಸರೆ.

ತೊಡಕಿರುವುದು ಹಿಂದಿರುಗುವ ದಾರಿಯಲ್ಲಿ. ಅರವತ್ತೈದು ತುಂಬಿ 'ಬಿ' ಭಾಗ ಸೇರಿದ ಮೊದಲ ಆರು ತಿಂಗಳು, ಕಾಯಿಲೆಯ ನೆಪದಿಂದ ಯಾರಿಗೂ ಮೆಡಿಗ್ಯಾಪ್ ಇಲ್ಲವೆನ್ನುವಂತಿಲ್ಲ. ಮೊದಲೇ ಅಡ್ವಾಂಟೇಜ್ ಆರಿಸಿದವರಿಗೂ ಒಂದು ವರ್ಷದೊಳಗೆ ಮರಳುವ ಹಕ್ಕುಂಟು. ಆ ಬಳಿಕ, ನ್ಯೂಯಾರ್ಕಿನಂಥ ಕೆಲವೇ ರಾಜ್ಯಗಳ ಹೊರತು, ಕಂಪನಿ ಆರೋಗ್ಯವನ್ನು ವಿಚಾರಿಸಿ ನಿರಾಕರಿಸಬಹುದು. ಗಟ್ಟಿಮುಟ್ಟಾಗಿದ್ದಾಗ ಸೊನ್ನೆಗೆ ಒಲಿದವನಿಗೆ ಎಪ್ಪತ್ತೈದರಲ್ಲಿ ಕ್ಯಾನ್ಸರ್ ಬಂತೆನ್ನಿ, ಬೇಕಾದ ಆಸ್ಪತ್ರೆ ಪಟ್ಟಿಯಲ್ಲಿಲ್ಲವೆನ್ನಿ. ಪ್ರತಿವರ್ಷ ಅಕ್ಟೋಬರ್ 15ರಿಂದ ಡಿಸೆಂಬರ್ 7ರವರೆಗೆ ಆತ ಮೂಲ ಮೆಡಿಕೇರಿಗೆ ಮರಳಬಹುದು ನಿಜ. ಆದರೆ ಪೂರಕ ವಿಮೆ ದೊರೆಯದೆ, ಆ ಇಪ್ಪತ್ತರ ಹೊರೆ ಆತನದೇ.

ಊರಿಗೆ ಬಂದು ತಿಂಗಳುಗಟ್ಟಲೆ ತಂಗುವವರು ಗಮನಿಸಬೇಕಾದುದು ಬೇರೆಯೇ ಇದೆ. ಕಂಪನಿಯ ಸೀಮೆಯಿಂದ ಸತತವಾಗಿ ಆರು ತಿಂಗಳಿಗೂ ಮೀರಿ ಹೊರಗಿದ್ದರೆ ಅಡ್ವಾಂಟೇಜಿನಿಂದ ಸಾಮಾನ್ಯವಾಗಿ ಹೆಸರು ತೆಗೆದುಬಿಡುತ್ತಾರೆ. ಮೆಡಿಗ್ಯಾಪಿನ ಕೆಲವು ಬಗೆಗಳು ಪರದೇಶದ ಪ್ರಯಾಣದ ಮೊದಲ 60 ದಿನಗಳ ತುರ್ತು ಚಿಕಿತ್ಸೆಯಲ್ಲಿ, 250 ಡಾಲರು ಕಳೆದು, ನೂರಕ್ಕೆ ಎಂಬತ್ತನ್ನು ಭರಿಸುತ್ತವೆ; ಜೀವಮಾನಕ್ಕೆ 50,000 ಡಾಲರಿನ ಮಿತಿಯೊಂದಿಗೆ.

ಪ್ರತಿ ರಾಜ್ಯದಲ್ಲಿಯೂ ಷಿಪ್ ಎಂಬ ಉಚಿತ ಸಲಹಾ ವ್ಯವಸ್ಥೆ ಉಂಟು. ಅದರ ಸಲಹೆಗಾರರು ಯಾವ ಕಂಪನಿಯ ವಿಮೆಯನ್ನೂ ಮಾರುವವರಲ್ಲ.