ಹಾಡು ಇಬ್ಬರದು, ಹೆಸರು ಯಾರದು?

ಡ್ಯುಯೆಟ್ ಅಂದ್ರೆ ನಮಗೆ ಮೊದಲು ನೆನಪಾಗೋದು ಸಿನಿಮಾ. ಹಾಡೋದು ಎಸ್‌ಪಿಬಿ, ಜಾನಕಿ. ತೆರೆ ಮೇಲೆ ಮರ ಸುತ್ತೋರು ಬೇರೆ. ಲೆಕ್ಕಪತ್ರವೆಲ್ಲ ನಿರ್ಮಾಪಕರು ಮತ್ತು ಆಡಿಯೋ ಕಂಪನಿಯ ತಲೆನೋವು. ಈಗ ಹಾಡು ಬರೋಕೆ ಸಿನಿಮಾನೇ ಬೇಕಿಲ್ಲ. ಚಂದನ್ ಶೆಟ್ಟಿ, ವಿರಾಜ್ ಕನ್ನಡಿಗ ಜೊತೆಯಾಗಿ ಹಾಡಿದ ‘3 ಪೆಗ್’ ಯಾವ ಸಿನಿಮಾದ್ದೂ ಅಲ್ಲ. ಚಂದನ್ ಬಿಗ್ ಬಾಸ್ ಗೆಲ್ಲೋಕೆ ಮುಂಚೆಯೇ ಅದು ಹುಡುಗರ ಬಾಯಲ್ಲಿತ್ತು.

ಹೊರಗಿನ ಉದಾಹರಣೆ ಬೇಕಾ? ರೋಸೆ ಮತ್ತು ಬ್ರೂನೋ ಮಾರ್ಸ್ ಅವರ ‘ಎಪಿಟಿ’. ಅಪಾರ್ಟ್‌ಮೆಂಟ್‌ಗೆ ಕೊರಿಯನ್ನರು ಹೇಳೋ ಪದವೇ ಅಲ್ಲಿನ ಒಂದು ಆಟದ ಹೆಸರು, ಅದೇ ಹಾಡಾಯ್ತು. ಬಿಡುಗಡೆ ಆಗಿದ್ದು 2024ರ ಅಕ್ಟೋಬರ್ 18, ಶುಕ್ರವಾರ. 2015ರ ಜುಲೈನಿಂದ ಜಗತ್ತಿನಾದ್ಯಂತ ಹೊಸ ಹಾಡುಗಳಿಗೆ ಶುಕ್ರವಾರವೇ ಗೊತ್ತಾದ ದಿನ.

ನಮ್ಮ ಅತ್ತಿಗುಪ್ಪೆಯ ಒಂದು ಜೋಡಿಯೂ ಶುಕ್ರವಾರವನ್ನೇ ಆರಿಸಿಕೊಂಡಿತ್ತು. ಅವಳು ಬ್ಯಾಂಕಿನಲ್ಲಿ, ಇವನು ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ. ಕಾಲೇಜು ದಿನಗಳಿಂದ ಗೆಳೆಯರು. ಸಾಹಿತ್ಯ ಅವಳದು, ರಾಗ ಇವನದು, ಹಾಡಿದ್ದು ಇಬ್ಬರೂ. ಗೋಡೆಗೆ ಹಾಸಿಗೆ ಒರಗಿಸಿ, ಫ್ಯಾನ್ ಆಫ್ ಮಾಡಿ, ಬೆವರುತ್ತಾ ರೆಕಾರ್ಡ್ ಮಾಡಿದ್ರು. ಅಪ್‌ಲೋಡ್ ಮಾಡಿದ್ದು ಇವನು. ಮುಖ್ಯ ಕಲಾವಿದರ ಜಾಗದಲ್ಲಿ ತನ್ನ ಹೆಸರು, ‘ಫೀಚರಿಂಗ್’ ಅನ್ನೋ ಕಡೆ ಅವಳ ಹೆಸರು. ಶುಕ್ರವಾರ ಬೆಳಿಗ್ಗೆ ನೋಡಿದ್ರೆ, ಅವಳ ಪ್ರೊಫೈಲ್‌ನಲ್ಲಿ ಹಾಡು ಅವಳ ಹಾಡುಗಳ ಸಾಲಲ್ಲಿ ಇಲ್ಲ. ಬೇರೆಯವರ ಹಾಡಿನಲ್ಲಿ ಕಾಣಿಸಿಕೊಂಡವಳು ಅಂತ ಕೆಳಗೆಲ್ಲೋ ಇತ್ತು. “ಮಾತು ನಂದು, ಅರ್ಧ ದನಿ ನಂದು, ನಾನು ಹೆಂಗೆ ಅತಿಥಿ ಆದೆ?” ಅಂತ ಕೇಳಿದಳು. ಮೂರು ವಾರ ಮಾತಿಲ್ಲ. ಕೊನೆಗೆ ಹಂಚಿಕೆದಾರರಿಗೆ ಮೇಲ್ ಹಾಕಿ ಹೆಸರು ಸರಿ ಮಾಡಿಸಿದ್ರು. ಮುಂದಿನ ಹಾಡಿನ ಮಾತು ಇನ್ನೂ ಎತ್ತಿಲ್ಲ.

ದುಡ್ಡಿನ ಜಗಳ ಅಲ್ಲ ಇದು. ಸ್ಪಾಟಿಫೈನಲ್ಲಿ ಕನಿಷ್ಠ 30 ಸೆಕೆಂಡ್ ಕೇಳಿದ್ರೆ ಒಂದು ಸ್ಟ್ರೀಮ್. 2024ರಿಂದ, 12 ತಿಂಗಳಲ್ಲಿ 1,000 ಸ್ಟ್ರೀಮ್ ಆಗದ ಹಾಡಿಗೆ ರೆಕಾರ್ಡಿಂಗ್ ರಾಯಲ್ಟಿಯೇ ಇಲ್ಲ. ಮೊದಲ ಹಾಡು ಮಾಡೋರಿಗೆ ಸಿಗೋದು ಹೆಚ್ಚಾಗಿ ಹೆಸರೊಂದೇ. ಅದಕ್ಕೇ ಅದು ಅಷ್ಟು ನೋಯೋದು.

ಕಾನೂನು ಒಂದೇ ಹಾಡನ್ನು ಹಲವು ತುಂಡುಗಳಾಗಿ ನೋಡುತ್ತೆ: ಸಾಹಿತ್ಯ, ಸಂಗೀತ, ಧ್ವನಿಮುದ್ರಣ, ಗಾಯಕರ ಪ್ರದರ್ಶನ. ಧ್ವನಿಮುದ್ರಣದ ಹಕ್ಕು 60 ವರ್ಷ. ಸಾಹಿತ್ಯ ಮತ್ತು ಸಂಗೀತದ ಹಕ್ಕು ಬರೆದವರ ಜೀವಿತಾವಧಿ, ಅದರ ಮೇಲೆ 60 ವರ್ಷ. ಅಂದ್ರೆ ಇವತ್ತು ಬರೆದ ಹಾಡಿನ ಲೆಕ್ಕ ಮೊಮ್ಮಕ್ಕಳವರೆಗೂ ಹೋಗಬಹುದು. 2012ರ ತಿದ್ದುಪಡಿ ಬಂದ ಮೇಲೆ ಗಾಯಕರಿಗೂ ರಾಯಲ್ಟಿ ಹಕ್ಕಿದೆ. ಸಾಹಿತಿ, ಸಂಗೀತಗಾರರ ಪರವಾಗಿ ಐಪಿಆರ್‌ಎಸ್ ಹಣ ಸಂಗ್ರಹಿಸುತ್ತೆ. ಆದ್ರೆ ಸದಸ್ಯರಾಗಿ ಹಾಡು ನೋಂದಾಯಿಸಬೇಕು, ಮನೆ ಹುಡುಕಿಕೊಂಡು ಯಾರೂ ಬರಲ್ಲ.

ಹಾಗಾಗಿ ಜೊತೆಯಾಗಿ ಹಾಡೋರಿಗೆ ನನ್ನದೊಂದು ಮಾತು. ಅಪ್‌ಲೋಡ್‌ಗೆ ಮುಂಚೆ ಒಂದು ಹಾಳೆ ಬರೀರಿ. ಸಾಹಿತ್ಯ ಯಾರದು, ರಾಗ ಯಾರದು, ಮಿಕ್ಸಿಂಗ್‌ಗೆ ದುಡ್ಡು ಹಾಕಿದ್ದು ಯಾರು, ಯಾರಿಗೆ ಶೇಕಡಾ ಎಷ್ಟು, ಲಾಗಿನ್ ಯಾರ ಕೈಲಿ, ಇಬ್ಬರೂ ಮುಖ್ಯ ಕಲಾವಿದರಾ? ಇಬ್ಬರೂ ಸಹಿ ಹಾಕಿ, ಫೋಟೋ ತೆಗೆದು ಮೇಲ್ ಮಾಡಿಕೊಳ್ಳಿ. ಸ್ಪಾಟಿಫೈ ಪ್ಲೇಲಿಸ್ಟ್‌ಗೆ ಹಾಡು ಪರಿಗಣಿಸಿ ಅಂತ ಕೇಳೋಕೆ ಹೇಗೂ ಬಿಡುಗಡೆಗೆ ಏಳು ದಿನ ಮುಂಚೆಯಾದ್ರೂ ಹಾಡು ತಯಾರಿರಬೇಕು. ಆ ವಾರದಲ್ಲಿ ಅರ್ಧ ಗಂಟೆ ಸಾಕು.

ಸ್ನೇಹಿತರ ನಡುವೆ ಕಾಗದ ಯಾಕೆ ಅನ್ನಬಹುದು. ಕೇಳೋಕೆ ಮುಜುಗರ ನಿಜ. ಆದ್ರೆ ಹಾಡು ಹೊರಗೆ ಬಂದಮೇಲೆ ಕೇಳೋದು ಇನ್ನೂ ಕಷ್ಟ. ಈ ಶುಕ್ರವಾರ ನಿಮ್ಮ ಹಾಡಿದ್ರೆ ಪೋಸ್ಟರ್ ಆಮೇಲೆ ಮಾಡಿ, ಮೊದಲು ಹಾಳೆ ಬರೀರಿ.